ತೊಟ್ಟು ಬಿದ್ದ ಕಾಗದ

ನನ್ನ ಕೆಂಪಿಯನ್ನು ಫೇಲ್ ಮಾಡಿದವಳು ಬೇರೆ ಯಾರೂ ಅಲ್ಲ, ನನ್ನ ಸ್ವಂತ ತಮ್ಮನ ಮಗಳು. ಅದೂ ಒಂದು ಸಲವಲ್ಲ, ಎರಡು ಸಲ. ಕೆಂಪಿ ಎಂದರೆ ಹಸುವಲ್ಲ, ನನ್ನ ಪಿಕಪ್ ಗಾಡಿ. ಬಣ್ಣ ಈಗ ಹಳೆಯ ಇಟ್ಟಿಗೆಯ ಹಾಗಾಗಿದೆ, ಆದರೂ ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಐದಕ್ಕೆ ಬೇಕರಿಯ ಹಿಂಬಾಗಿಲಲ್ಲಿ ನಿಂತು, ಎಂಟರೊಳಗೆ ನಲವತ್ತು ಅಂಗಡಿಗೆ ಬ್ರೆಡ್ಡು ಮುಟ್ಟಿಸುತ್ತಿರುವ ಗಾಡಿ ಅದು. ಒಂದು ದಿನವೂ ತಡವಾಗಿಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ. ಅರವತ್ತೊಂದು ವರ್ಷದ ಹೆಂಗಸು ತಾನೇ ಓಡಿಸುವ ಗಾಡಿಯ ಬಗ್ಗೆ ಜಂಬ ಪಡದೆ ಇನ್ನಾವುದರ ಬಗ್ಗೆ ಪಡಬೇಕು?

ನಮ್ಮಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆಗೆ ಹೋಗಬೇಕು. ಮೂರು ಅವಕಾಶ ಕೊಡುತ್ತಾರೆ. ಮೂರನೆಯ ಸಲವೂ ಫೇಲಾದರೆ ನಂಬರ್ ಪ್ಲೇಟನ್ನು ಅಲ್ಲೇ ಬಿಚ್ಚಿಕೊಂಡು, ಗಾಡಿಯನ್ನು ಎಳೆಸಿಕೊಂಡು ಹೋಗಿ ಎನ್ನುತ್ತಾರೆ. ಆಮೇಲೆ ಅದಕ್ಕೆ ಗುಜರಿಯೇ ಗತಿ. ಬೇಕರಿಯವರು ಒಳ್ಳೆಯ ಜನ, ಆದರೆ ಬ್ರೆಡ್ಡು ಬೆಳಿಗ್ಗೆ ಅಂಗಡಿಗೆ ಹೋಗಲೇಬೇಕಲ್ಲ. ಕೆಂಪಿ ಇಲ್ಲದಿದ್ದರೆ ಅವರು ಹೊಸ ವ್ಯಾನು, ಹೊಸ ಡ್ರೈವರನ್ನು ನೋಡಿಕೊಳ್ಳುತ್ತಾರೆ. ನಾನು ಮನೆಯ ಕಿಟಕಿಯಲ್ಲಿ ಕೂತು ಬೇರೆಯವರ ಗಾಡಿ ಹೋಗುವುದನ್ನು ನೋಡಬೇಕಾಗುತ್ತದೆ. ಅದು ನನ್ನಿಂದ ಆಗದ ಕೆಲಸ.

ಪರೀಕ್ಷಾ ಕೇಂದ್ರದಲ್ಲಿ ಸಣ್ಣ ಗಾಡಿಗಳಿಗೆ ಇರುವುದು ಒಂದೇ ಸಾಲು. ಆ ಸಾಲಿನ ತುದಿಯಲ್ಲಿ ನೀಲಿ ಕೋಟು ಹಾಕಿಕೊಂಡು ನಿಲ್ಲುವವಳು ನನ್ನ ತಮ್ಮನ ಮಗಳು. ಡ್ರೈವರುಗಳೆಲ್ಲ ಅವಳಿಗಿಟ್ಟ ಹೆಸರು ಸೀಲಮ್ಮ. ಬೆಣ್ಣೆ ಹಚ್ಚಿದರೂ ಬಗ್ಗುವುದಿಲ್ಲ, ಬೈದರೂ ಬಗ್ಗುವುದಿಲ್ಲ. ಹೊಗೆಯ ಅಂಕಿ ಸರಿಯಿದ್ದರೆ ಹಸಿರು ಸೀಲು, ಇಲ್ಲದಿದ್ದರೆ ಕೆಂಪು ಸೀಲು, ಅಷ್ಟೇ.

ಎರಡನೆಯ ಸಲ ಹೋದಾಗಲೂ ಅವಳು ನನ್ನನ್ನು ಕಂಡೇ ಇಲ್ಲದವಳ ಹಾಗೆ, "ಚಾಲಕರೇ, ಇಂಜಿನ್ ಆನ್ ಇರಲಿ. ನ್ಯೂಟ್ರಲ್‌ಗೆ ಹಾಕಿ," ಎಂದಳು.

ಚಾಲಕರೇ! ಈ ಚಾಲಕರ ತೊಡೆಯ ಮೇಲೆ ಕೂತು, ಕೆಂಪಿಯ ಹಾರ್ನು ಒತ್ತಿ ಒತ್ತಿ ಇಡೀ ಬೀದಿಯ ನಿದ್ದೆ ಕೆಡಿಸಿದವಳು ಇವಳೇ. ನಾನು ನಗು ತಡೆದುಕೊಂಡು ಹೇಳಿದ ಹಾಗೆ ಮಾಡಿದೆ. ಅವಳು ಸೈಲೆನ್ಸರಿನ ಬಾಯಿಗೆ ಹೊಗೆ ಅಳೆಯುವ ಕಡ್ಡಿ ತೂರಿಸಿ ಪರದೆಯ ಮುಂದೆ ನಿಂತಳು. ಅಂಕಿ ಅರ್ಧ ದಾಟಬಾರದು. ಅದು ಅರ್ಧ ದಾಟಿತು, ಒಂದು ದಾಟಿತು, ಎರಡರ ಹತ್ತಿರ ಹೋಗಿ ನಿಂತಿತು. ಅವಳು ಕೆಂಪು ಸೀಲನ್ನು ಎತ್ತಿ ಟಪ್ ಎಂದು ಹೊಡೆದಳು.

"ಫೇಲ್. ಇನ್ನೊಂದೇ ಅವಕಾಶ ಇರೋದು. ಇಪ್ಪತ್ತೊಂದು ದಿನದೊಳಗೆ ಬನ್ನಿ."

ಹಿಂದಿದ್ದ ಹಾಲಿನ ವ್ಯಾನಿನವನು ತಲೆ ಹೊರಗೆ ಹಾಕಿ, "ಅಲ್ಲಮ್ಮಾ, ಸ್ವಂತ ಅತ್ತೆಗೇ ಹೀಗಾ? ಒಂದು ಚೂರು ಕಣ್ಣು ಮುಚ್ಚಿದ್ರೆ ಏನಾಗ್ತಿತ್ತು?" ಎಂದ.

"ಮುಂದಿನ ಗಾಡಿ," ಎಂದಳು ಅವಳು.

ಸಿಟ್ಟಿನಲ್ಲಿ ಕೆಂಪು ಸೀಲಿನ ಕಾಗದವನ್ನು ಸೀಟಿನ ಕೆಳಗೆ ತುರುಕಿದೆ. ಆದರೂ ಯಾಕೆ ಸುಳ್ಳು ಹೇಳಲಿ, ಗೇಟು ದಾಟುವಾಗ ಕನ್ನಡಿಯಲ್ಲಿ ಅವಳ ನೀಲಿ ಕೋಟು ಕಂಡು ಎದೆ ಉಬ್ಬಿತು. ನಮ್ಮ ಮನೆಯ ಹುಡುಗಿ ಹೀಗಿದ್ದಾಳಲ್ಲ ಎಂದು. ನಾನಾಗಿದ್ದರೆ ಅತ್ತೆಗೆ ಹಸಿರು ಸೀಲು ಹೊಡೆದು, ಮೇಲೊಂದು ಟೀ ಕುಡಿಸಿ ಕಳಿಸುತ್ತಿದ್ದೆ.

ಇನ್ನು ಅವಳ ಅಪ್ಪ, ಅಂದರೆ ನನ್ನ ತಮ್ಮನ ವಿಷಯ. ಅವನು ಮೆಕ್ಯಾನಿಕ್. ಜನ ಅವನನ್ನು ಒಣನೆಲದ ಮೇಸ್ತ್ರಿ ಎನ್ನುತ್ತಾರೆ. ಅವನ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿದೆ: ಯಾವ ಗಾಡಿ ರಿಪೇರಿಯಾದರೂ ಸಂಜೆ ಅದರ ಇಂಜಿನ್ನಿನ ಕೆಳಗೆ ಒಂದು ಬಿಳಿಯ ಕಾಗದ ಹಾಸಿ ಬಿಡುತ್ತಾನೆ. ಬೆಳಿಗ್ಗೆ ಗಾಡಿಯವರು ಬಂದಾಗ ಆ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತಾನೆ. ಒಂದು ತೊಟ್ಟು ಎಣ್ಣೆ ಬಿದ್ದಿದ್ದರೂ ಗಾಡಿ ಕೊಡುವುದಿಲ್ಲ; ಮತ್ತೆ ಬಿಚ್ಚುತ್ತಾನೆ. ಕೆಂಪಿಯ ಕಾಗದಗಳನ್ನಂತೂ ಎಸೆದೇ ಇಲ್ಲ. ತಾರೀಖು ಬರೆದು ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದಾನೆ. ಒಂದರ ಮೇಲೊಂದು, ಇಪ್ಪತ್ತೆರಡು ವರ್ಷದ ಖಾಲಿ ಕಾಗದ. ಗ್ಯಾರೇಜಿಗೆ ಬಂದವರೆಲ್ಲ ಅದೇನು ಎಂದು ಕೇಳಲೇಬೇಕು, ಅವನು ಹೇಳಲೇಬೇಕು. ಖಾಲಿ ಕಾಗದ ತೋರಿಸಿ ಮೀಸೆ ತಿರುವುವ ಗಂಡಸನ್ನು ನಾನು ಬೇರೆ ಕಂಡಿಲ್ಲ.

ಎರಡನೆಯ ಕೆಂಪು ಸೀಲು ನೋಡಿ ಅವನು ಕೈಲಿದ್ದ ಸ್ಪ್ಯಾನರನ್ನು ಡಬ್ಬಕ್ಕೆ ಎಸೆದ.

"ಅವಳ ಮೆಷಿನ್ನೇ ಕೆಟ್ಟಿದೆ ಅಕ್ಕಾ!"

"ಹಾಲಿನ ವ್ಯಾನು ಪಾಸಾಯ್ತಲ್ಲೋ, ಅದೇ ಮೆಷಿನ್ನಲ್ಲಿ. ಅದನ್ನ ರೆಡಿ ಮಾಡಿದ್ದೂ ನೀನೇ."

"ಹಾಗಾದ್ರೆ ಅವಳ ತಲೆ ಕೆಟ್ಟಿದೆ. ಅಪ್ಪನ ಕೆಲಸಕ್ಕೆ ಊರೆಲ್ಲ ನೋಡೋ ಹಾಗೆ ಸೀಲ್ ಹೊಡೀತಾಳಾ? ನಾನಿನ್ನು ಅವಳ ಹತ್ರ ಮಾತಾಡಲ್ಲ."

ಮಾತಾಡಲೂ ಇಲ್ಲ. ಗ್ಯಾರೇಜಿನ ಮೇಲೆಯೇ ಅವರ ಮನೆ. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನ ನಾನೂ ಅಲ್ಲೇ ಊಟಕ್ಕೆ ಕೂರುತ್ತೇನೆ. ಅಪ್ಪ ಒಂದು ತುದಿ, ಮಗಳು ಒಂದು ತುದಿ, ನಡುವೆ ನಾನು.

"ಅಕ್ಕಾ, ಉಪ್ಪು ಈ ಕಡೆ ಕೊಡೋಕೆ ಹೇಳು."

"ಅತ್ತೆ, ಉಪ್ಪು ಅವರ ಕೈ ಹತ್ರಾನೇ ಇದೆ ಅಂತ ಹೇಳಿ."

"ಅಕ್ಕಾ, ಇದು ಸಕ್ಕರೆ ಡಬ್ಬಿ ಅಂತ ಹೇಳು."

ಹದಿನೇಳು ದಿನ ನಾನು ಹೀಗೆ ಅಂಚೆ ಹಂಚಿದೆ. ನಗು ಬರುತ್ತಿತ್ತು, ಊಟ ಮಾತ್ರ ರುಚಿಸುತ್ತಿರಲಿಲ್ಲ. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ, ಆ ಮೂಗು ಬೇರೆ ಒಂದೇ ಅಚ್ಚಿನದು.

ಇದೆಲ್ಲ ಶುರುವಾದದ್ದು ಒಂದು ಹಳದಿ ದೀಪದಿಂದ. ಬೇಸಿಗೆಯ ಮೊದಲಲ್ಲಿ ಕೆಂಪಿಯ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹತ್ತಿತು. ಪರೀಕ್ಷೆಯ ದಿನ ಆಗಲೇ ಗೊತ್ತಾಗಿತ್ತು. ತಮ್ಮ ನೋಡಿ, ಆಕ್ಸಿಜನ್ ಸೆನ್ಸರ್ ಎರಡೂ ಮುಗಿದಿವೆ ಎಂದ. ಹೆಬ್ಬೆರಳಿನಷ್ಟು ದಪ್ಪದ ಸಾಮಾನು ಅದು, ಹಿಂದೆ ವೈರಿನ ಬಾಲ. ಸೈಲೆನ್ಸರ್ ಪೈಪಿನಲ್ಲಿ, ಹೊಗೆ ಶುದ್ಧ ಮಾಡುವ ಡಬ್ಬಿಗೆ ಮುಂಚೆ ಒಂದು, ಆಮೇಲೆ ಒಂದು. ಗಾಡಿಯ ಮೂಗು ಎನ್ನಿ. ಹೊಗೆಯಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ಮೂಸಿ ಇಂಜಿನ್ನಿಗೆ ತಿಳಿಸುತ್ತದೆ, ಇಂಜಿನ್ ಅದಕ್ಕೆ ತಕ್ಕಂತೆ ಪೆಟ್ರೋಲು ಕುಡಿಯುತ್ತದೆ. ಮೂಗು ಕಟ್ಟಿದರೆ ಕಂಡಾಬಟ್ಟೆ ಕುಡಿದು ಕೆಟ್ಟ ಹೊಗೆ ಬಿಡುತ್ತದೆ.

ತಮ್ಮ ಹೊಸ ಸೆನ್ಸರುಗಳನ್ನು ಹಾಕಿದ. ಅಷ್ಟಕ್ಕೇ ಬಿಡುವವನಾ? ಅಕ್ಕನ ಗಾಡಿಯಲ್ಲವೇ! ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಅಂಚಿನಲ್ಲಿ ಎಣ್ಣೆ ಜಿನುಗುತ್ತಿದೆ ಎಂದು ಅದನ್ನೂ ಬಿಚ್ಚಿ, ಒರೆಸಿ, ಸಂದು ಮುಚ್ಚುವ ಸಿಲಿಕೋನ್ ಪೇಸ್ಟು ಬಳಿದು ಕೂರಿಸಿದ. ಕಾಗದ ಖಾಲಿ ಬಂತು. ದೀಪ ಆರಿತು. ಮೂರನೆಯ ದಿನ ಮತ್ತೆ ಹತ್ತಿತು. ಪರೀಕ್ಷೆಗೆ ಹೋಗದಿದ್ದರೂ ಫೇಲ್ ಎಂದೇ ಬರೆಯುತ್ತಾರೆ, ಹೋದೆ, ಫೇಲಾಯಿತು. ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ ಎಂದು ತಮ್ಮ ಅಂಗಡಿಯವನಿಗೆ ಸಹಸ್ರನಾಮ ಮಾಡಿ ಇನ್ನೊಂದು ಜೊತೆ ತಂದ. ಮತ್ತೆ ಸೆನ್ಸರು, ಮತ್ತೆ ಕವರು, ಮತ್ತೆ ಪೇಸ್ಟು. ಮತ್ತೆ ಮೂರನೆಯ ದಿನಕ್ಕೆ ದೀಪ, ಮತ್ತೆ ಫೇಲು. ಈಗ ದೂರದ ಊರಿನಿಂದ ಮೂರನೆಯ ಜೊತೆ ತರಿಸುತ್ತಿದ್ದ. ಬುಧವಾರ ಬರುತ್ತದೆ, ಶನಿವಾರ ಕೊನೆಯ ಪರೀಕ್ಷೆ.

ಮಂಗಳವಾರ ಊಟ ಮುಗಿಸಿ ತಮ್ಮ ಕೆಳಗಿಳಿದು ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ, ಅವಳು ಒರೆಸುತ್ತಿದ್ದಳು. ನಾನು ನಾಚಿಕೆ ಬಿಟ್ಟು ಕೇಳಿದೆ.

"ಏನೇ, ನಿನಗೆ ಏನಾದ್ರೂ ಗೊತ್ತಾಗುತ್ತಾ? ಕೆಂಪಿಗೆ ಏನಾಗಿದೆ ಅಂತ?"

"ಅದನ್ನ ಕೇಳ್ಬೇಡಿ ಅತ್ತೆ. ಪರೀಕ್ಷೆಯಲ್ಲಿರೋ ಗಾಡಿಗೆ ಏನು ರಿಪೇರಿ ಮಾಡಬೇಕು ಅಂತ ನಾವು ಹೇಳಬಾರದು. ಕೆಲಸಕ್ಕೆ ಸೇರುವಾಗ ಸೈನ್ ಮಾಡಿ ಕೊಟ್ಟಿದೀನಿ. ಅಲ್ಲದೆ ನಾನು ನೋಡೋದು ಹೊಗೆ ಮಾತ್ರ, ಒಳಗೆ ಏನಿದೆಯೋ ನನಗೂ ಗೊತ್ತಿಲ್ಲ."

"ಪ್ಲೇಟ್ ಬಿಚ್ಚೋಕೆ ಬಂದ್ರೆ?"

ಅವಳು ತಟ್ಟೆಯನ್ನು ಒರೆಸಿದ ಕಡೆಯೇ ಒರೆಸಿದಳು. "ನಾನೇ ಬಿಚ್ಚಬೇಕಾಗುತ್ತೆ," ಎಂದಳು. ಕಣ್ಣು ತುಂಬಿತ್ತು. "ನನಗೆ ಹೊಟ್ಟೆ ಉರಿಯೋದು ಏನು ಗೊತ್ತಾ ಅತ್ತೆ? ನಿಮ್ಮದು ಬಿಟ್ಟು ಈ ವರ್ಷ ಅಪ್ಪನ ಗ್ಯಾರೇಜಿಂದ ಮೂವತ್ತೆಂಟು ಗಾಡಿ ಬಂದಿವೆ. ಒಂದೂ ಫೇಲಾಗಿಲ್ಲ. ಬೇರೆ ಯಾವ ಮೇಸ್ತ್ರಿಗೂ ಹಾಗಿಲ್ಲ. ಪ್ರತಿ ಸಲ ಹಸಿರು ಸೀಲು ಹೊಡೆಯುವಾಗ ನಮ್ಮಪ್ಪ ಅಂತ ಕೂಗಿ ಹೇಳೋಣ ಅನ್ಸುತ್ತೆ. ಫೇಲಾಗಿದ್ದು ನಿಮ್ಮದೊಂದೇ."

ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಮೂವತ್ತೆಂಟು ಗಾಡಿ ಪಾಸು, ನನ್ನದೊಂದೇ ಫೇಲು. ಹಾಗಾದರೆ ಇವನು ಬೇರೆಯವರ ಗಾಡಿಗೆ ಮಾಡದೇ ಇರುವುದನ್ನು ನನ್ನ ಗಾಡಿಗೆ ಏನು ಮಾಡುತ್ತಾನೆ?

ಉತ್ತರ ನನಗೆ ಗೊತ್ತಿತ್ತು. ಹೆಚ್ಚು ಮಾಡುತ್ತಾನೆ.

ಮನೆಗೆ ಹೋದವಳೇ ಗಾಡಿಯ ಸೀಟಿನ ಹಿಂದಿನಿಂದ ಬಿಸ್ಕೆಟ್ ಡಬ್ಬ ತೆಗೆದೆ. ಕೆಂಪಿಯಿಂದ ಬಿಚ್ಚಿದ ಯಾವ ಸಾಮಾನನ್ನೂ ನಾನು ಎಸೆಯುವುದಿಲ್ಲ. ಸವೆದ ಬೆಲ್ಟಿನಿಂದ ಹಿಡಿದು ಮುರಿದ ಬಾಗಿಲ ಹಿಡಿಯವರೆಗೆ ಎಲ್ಲ ಅದರಲ್ಲಿದೆ. ತಮ್ಮ ಅದಕ್ಕೆ ನಗುತ್ತಾನೆ. ಖಾಲಿ ಕಾಗದ ಕೂಡಿಡುವವನು ನಗುತ್ತಾನೆ! ಎರಡು ಜೊತೆ ಹಳೆಯ ಸೆನ್ಸರುಗಳನ್ನು ಕಿಟಕಿಯ ಬೆಳಕಲ್ಲಿ ಇಟ್ಟೆ. ಗಾಡಿಯ ಜೊತೆಗೇ ಬಂದಿದ್ದ ಮೊದಲ ಜೊತೆ ಇಪ್ಪತ್ತೆರಡು ವರ್ಷ ಮೂಸಿ ಮೂಸಿ ಕಂದು ಬಣ್ಣಕ್ಕೆ ತಿರುಗಿತ್ತು. ಎರಡನೆಯ ಜೊತೆ ಒಂದು ತಿಂಗಳೂ ಬಾಳಿರಲಿಲ್ಲ, ಅದರ ಮೂತಿ ಬೆಳ್ಳಗಾಗಿತ್ತು. ಮೈದಾ ಡಬ್ಬಕ್ಕೆ ಮೂತಿ ಹಾಕಿದ ಬೆಕ್ಕಿನ ಹಾಗೆ. ಉಗುರಿನಿಂದ ಕೆರೆದೆ. ಬರಲಿಲ್ಲ.

ಆಗ ನೆನಪಾಯಿತು ಆ ಹುಳಿ ವಾಸನೆ. ಪ್ರತಿ ಸಲ ರಿಪೇರಿಯಾದ ಮೇಲೆ ಎರಡು ದಿನ ಕ್ಯಾಬಿನ್ನಿನ ತುಂಬ ಇರುತ್ತಿತ್ತು. ಪೇಸ್ಟಿನ ವಾಸನೆ. ಬೇರೆಯವರ ಗಾಡಿಗೆ ಅವನು ಪೇಸ್ಟನ್ನು ನೂಲಿನಷ್ಟು ತೆಳ್ಳಗೆ ಎಳೆದು, ಒಂದಿಡೀ ದಿನ ಒಣಗಲು ಬಿಟ್ಟು ಆಮೇಲೆ ಇಂಜಿನ್ ಶುರು ಮಾಡುತ್ತಾನೆ. ನನ್ನ ಗಾಡಿಗಾದರೆ ಧಾರಾಳ ಕೈ, ಬೆರಳು ದಪ್ಪಕ್ಕೆ ಬಳಿಯುತ್ತಾನೆ. ಒಣಗಲು ದಿನ ಎಲ್ಲಿ? ಬೆಳಿಗ್ಗೆ ಐದಕ್ಕೆ ಬೇಕರಿ ಎಂದು ನಾನು ತಲೆಯ ಮೇಲೆ ಕೂತು, "ಆಯ್ತೇನೋ, ಆಯ್ತೇನೋ," ಎನ್ನುತ್ತಿರುತ್ತೇನೆ. ಹಸಿ ಹಸಿಯಾಗಿರುವಾಗಲೇ ಕೀಲಿ ತಿರುಗಿಸಿದವಳು ನಾನೇ. ಎರಡೂ ಸಲ.

ಆದರೆ ಇದನ್ನು ಅವನಿಗೆ ಹೇಳುವುದು ಹೇಗೆ? ಮೂವತ್ತು ವರ್ಷದಲ್ಲಿ ನನ್ನ ತಮ್ಮನಿಗೆ ನಿನ್ನ ಕೈ ತಪ್ಪಿದೆ ಎಂದವರಿಲ್ಲ. ಒಬ್ಬಳು ಸೀಲು ಹೊಡೆದು ಹೇಳಿದ್ದಕ್ಕೆ ಅವಳನ್ನು ಉಪ್ಪು ಕೇಳುವುದನ್ನೂ ಬಿಟ್ಟಿದ್ದಾನೆ. ಬೇರೆ ಗ್ಯಾರೇಜಿಗೆ ಹೋಗಿ ಗುಟ್ಟಾಗಿ ಮಾಡಿಸಿಬಿಡಲೇ ಎಂದೂ ಒಂದು ಗಳಿಗೆ ಯೋಚಿಸಿದೆ. ಥೂ ಎಂದು ನನ್ನನ್ನೇ ಬೈದುಕೊಂಡೆ. ಕೆಂಪಿಯ ಬಾನೆಟ್ಟನ್ನು ಇದುವರೆಗೆ ಇನ್ನೊಬ್ಬ ಮೇಸ್ತ್ರಿ ಎತ್ತಿಲ್ಲ.

ಬುಧವಾರ ಬ್ರೆಡ್ಡು ಮುಗಿಸಿ ನೇರ ಗ್ಯಾರೇಜಿಗೆ ಹೋದೆ. ಹೊಸ ಸೆನ್ಸರುಗಳು ಬಂದಿದ್ದವು. ತಮ್ಮ ಇಂಜಿನ್ನಿನ ಬಿಸಿ ಸ್ವಲ್ಪ ಇಳಿಯಲು ಬಿಟ್ಟು, ಕೆಂಪಿಯನ್ನು ಜಾಕಿಯ ಮೇಲೆ ಎತ್ತಿ, ಕೆಳಗೆ ನುಸುಳಿದ. ಪೈಪು ಪೂರ್ತಿ ತಣ್ಣಗಾದರೆ ಸೆನ್ಸರು ಕಚ್ಚಿಕೊಂಡು ಬರುವುದಿಲ್ಲ, ತೀರ ಬಿಸಿಯಿದ್ದರೆ ಕೈ ಸುಡುತ್ತದೆ. ಆ ಹದ ಅವನಿಗೆ ಗೊತ್ತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟ, ಕಾದ. ವೈರಿನ ಪ್ಲಗ್ಗನ್ನು ಬಿಡಿಸಿ, ಪಕ್ಕದಲ್ಲಿ ಸೀಳಿರುವ ಸ್ಪ್ಯಾನರಿನ ಸೀಳಿನಲ್ಲಿ ಬಾಲ ತೂರಿಸಿ, ಒಂದೇ ಎಳೆತಕ್ಕೆ ಕಡಕ್ ಎಂದು ಸಡಿಲಿಸಿದ. ಎಳೆದಾಡಲಿಲ್ಲ, ಥ್ರೆಡ್ಡು ಹಾಳಾಗಲಿಲ್ಲ. ಅವನ ಕೆಲಸ ನೋಡಲು ಇಂದಿಗೂ ನನಗೆ ಖುಷಿ. ನಮ್ಮಪ್ಪನಿಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ, ಇವನಿಗೆ ಈ ಕೈ ಎಲ್ಲಿಂದ ಬಂತೋ.

"ಅದನ್ನ ಎಸೀಬೇಡ, ಇಲ್ಲಿ ಕೊಡು," ಎಂದೆ.

"ತಗೋ, ನಿನ್ನ ಡಬ್ಬಕ್ಕೆ ಹಾಕ್ಕೋ," ಎನ್ನುತ್ತ ಹೊರಬಂದ. ನಾನು ಬೆಂಚಿನ ಮೇಲೆ ಬಟ್ಟೆ ಹಾಸಿ, ಮೂರೂ ಜೊತೆಯನ್ನು ಸಾಲಾಗಿ ಇಟ್ಟೆ. ಕಂದು ಮೂತಿಯ ಜೊತೆ ಒಂದು, ಬಿಳಿ ಮೂತಿಯವು ಎರಡು. ಅವನು ಕೈ ಒರೆಸಿಕೊಳ್ಳುತ್ತ ಬಂದು ನೋಡಿದ. ಒರೆಸುವುದನ್ನು ನಿಲ್ಲಿಸಿದ.

"ಇದೇನಿದು, ಸುಣ್ಣ ಬಳಿದ ಹಾಗೆ?"

ನಾನು ಪೇಸ್ಟಿನ ಟ್ಯೂಬನ್ನು ಹಿಂದುಮುಂದು ಮಾಡಿ ಅವನ ಕೈಲಿಟ್ಟೆ. ನನ್ನ ಕನ್ನಡಕವನ್ನೂ ತೆಗೆದು ಕೊಟ್ಟೆ. ಟ್ಯೂಬಿನ ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರ. ಬರುವ ಮುಂಚೆ ಅಂಗಡಿಯಲ್ಲಿ ಇದೇ ಟ್ಯೂಬು ಹಿಡಿದು ನಾನೂ ಓದಿಕೊಂಡು ಬಂದಿದ್ದೆ.

ಅವನು ಮೊದಲು ಮನಸ್ಸಿನಲ್ಲೇ ಓದಿದ. ಆಮೇಲೆ ಬಾಯಿಬಿಟ್ಟು ಓದಿದ: "ಆಕ್ಸಿಜನ್ ಸೆನ್ಸರ್ ಇರುವ ಇಂಜಿನ್ನಿಗೆ ಬಳಸಬಾರದು. ಹಸಿ ಪೇಸ್ಟಿನ ಆವಿ ಹೊಗೆಯ ಜೊತೆ ಸೇರಿ ಸೆನ್ಸರನ್ನು ಕೆಡಿಸುತ್ತದೆ."

ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟ. ಈಗ ಸ್ಪ್ಯಾನರ್ ಹಾರುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನಾನು ಕೆಲಸ ಕಲಿಯುವಾಗ ಗಾಡೀಲಿ ಸೆನ್ಸರೇ ಇರಲಿಲ್ಲ ಅಕ್ಕ," ಎಂದ. "ಆಗಿಂದ ಇದೇ ಟ್ಯೂಬು. ಒಂದು ದಿನವೂ ತಿರುಗಿಸಿ ನೋಡಿಲ್ಲ." ಟ್ಯೂಬನ್ನು ಬೆರಳಲ್ಲಿ ತಿರುಗಿಸುತ್ತ, "ನಿನ್ನ ಗಾಡಿ ಅಂತ ಎರಡರಷ್ಟು ಹಾಕ್ದೆ," ಎಂದ.

"ನಾನೇನು ಕಮ್ಮಿನಾ? ಒಣಗೋಕೆ ಬಿಡು ಅಂತ ನೀನು ಹೇಳಿದಾಗೆಲ್ಲ ಕೀಲಿ ತಿರುಗಿಸಿದವಳು ಯಾರು? ನಿನ್ನ ಪ್ರೀತಿ ಒಂದು ಕಡೆ, ನನ್ನ ಅವಸರ ಒಂದು ಕಡೆ. ನಡುವೆ ಆ ಬಡಪಾಯಿ ಮೂಗು ಏನು ಮಾಡುತ್ತೆ?"

ಅವನು ನಗಲಿಲ್ಲ. ಗೋಡೆಯ ಕಡೆ ನೋಡಿದ. ಖಾಲಿ ಕಾಗದಗಳು ಫ್ಯಾನಿನ ಗಾಳಿಗೆ ಅಲುಗಾಡುತ್ತಿದ್ದವು. "ಸೆನ್ಸರಿಗೆ ತೊಂದರೆ ಮಾಡದ ಪೇಸ್ಟೂ ಸಿಗುತ್ತೆ," ಎಂದ. "ಆದ್ರೆ ತರಿಸೋಕೆ ವಾರ ಬೇಕು. ಈಗ ಪೇಸ್ಟೆಲ್ಲ ಕೆರೆದು ತೆಗೆದು, ಬರೀ ರಬ್ಬರ್ ಗ್ಯಾಸ್ಕೆಟ್ ಕೂರಿಸಬೇಕು. ಕವರ್ ಹಳೇದು, ಒಂಚೂರು ಸೊಟ್ಟಗಾಗಿದೆ. ಎಣ್ಣೆ ತೊಟ್ಟಿಕ್ಕುತ್ತೆ."

"ತೊಟ್ಟಿಕ್ಕಿದ್ರೆ ಪರೀಕ್ಷೆಯಲ್ಲಿ ಫೇಲಾ?"

"ಅಲ್ಲಿ ಹೊಗೆ ಮಾತ್ರ ನೋಡ್ತಾರೆ." ಅವನು ಗೋಡೆಯ ಕಾಗದಗಳ ಕಡೆ ಕೈ ತೋರಿಸಿದ. "ತೊಟ್ಟಿಕ್ಕಿದ್ರೆ ನಾನು ಫೇಲು."

ನಾನು ಸ್ಟೂಲು ಎಳೆದುಕೊಂಡು ಕೂತೆ. ಇದನ್ನು ತೀರ್ಮಾನಿಸಬೇಕಾದವನು ಅವನೇ. ಅವನು ಆ ಟ್ಯೂಬನ್ನು ಕಸದ ಡಬ್ಬಕ್ಕೆ ಹಾಕಿ, ಟ್ಯಾಪೆಟ್ ಕವರಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಲು ಶುರುಮಾಡಿದ. ಹಳೆಯ ಪೇಸ್ಟಿನ ಒಂದು ಚೂರೂ ಉಳಿಯದ ಹಾಗೆ ಎರಡು ಗಂಟೆ ಕೆರೆದ. ಇಂಜಿನ್ ಆಯಿಲನ್ನೂ ಬದಲಾಯಿಸಿದ. ಹೊಸ ಸೆನ್ಸರಿನ ಮೂತಿಗೆ ಬೆರಳು ತಾಗದ ಹಾಗೆ ಹಿಡಿದು, ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಬಿಗಿ ಮಾಡಿದ. ನಾನು ಸ್ಟೂಲಿನ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಒಂದು ಸಲವೂ "ಆಯ್ತೇನೋ" ಎನ್ನಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಸಾಧನೆ.

ಮಧ್ಯಾಹ್ನ ಊಟಕ್ಕೆ ಮೇಲೆ ಹೋದೆವು. ಮಗಳು ಆಗಲೇ ತಟ್ಟೆ ಹಾಕಿದ್ದಳು. ತಮ್ಮ ಕೂತ, ಒಂದು ತುತ್ತು ತಿಂದ, ತಲೆಯೆತ್ತಿದ.

"ಮಗಳೇ, ಉಪ್ಪು ಕೊಡಮ್ಮ."

ಅವಳು ದಡಬಡಿಸಿ ಚಾಚಿದ ಕೈಗೆ ತಗುಲಿ ಡಬ್ಬಿ ಉರುಳಿತು. ಮೇಜಿನ ತುಂಬ ಉಪ್ಪು. ಅವನು ಅದರಿಂದಲೇ ಒಂದು ಚಿಟಿಕೆ ತೆಗೆದುಕೊಂಡು, "ಸಾಕು. ನೋಡು, ಇವತ್ತು ಕೆಂಪಿಗೆ..." ಎಂದು ಶುರುಮಾಡಿದ.

ಅವಳು ಕೈ ಅಡ್ಡ ಹಿಡಿದಳು. "ಶನಿವಾರದವರೆಗೆ ಗಾಡಿ ವಿಷಯ ಬೇಡ ಅಪ್ಪ. ನನಗೆ ಗೊತ್ತಿರಬಾರದು."

ಕಣ್ಣಲ್ಲಿ ನೀರು, ಕೈ ಮಾತ್ರ ಗೇಟಿನ ಹಾಗೆ ನೆಟ್ಟಗೆ. ತಮ್ಮ ನನ್ನ ಕಡೆ ನೋಡಿದ. ಹದಿನೆಂಟು ದಿನದಲ್ಲಿ ಮೊದಲ ಸಲ ಅವನ ಮೀಸೆಯ ಕೆಳಗೆ ನಗು ಕಂಡೆ.

ಗುರುವಾರ ಬೆಳಿಗ್ಗೆ ಕೀಲಿ ತಿರುಗಿಸುತ್ತ ಡ್ಯಾಶ್‌ಬೋರ್ಡಿನ ಮೇಲೇ ಕಣ್ಣಿಟ್ಟೆ. ದೀಪ ಒಮ್ಮೆ ಹತ್ತಿ, ಸರಿಯಿದ್ದಾಗ ಆರುವಂತೆಯೇ ಆರಿತು. ಶುಕ್ರವಾರವೂ ಆರಿತು. ನಲವತ್ತು ಅಂಗಡಿ ಸುತ್ತುವಾಗ ರಸ್ತೆಗಿಂತ ಆ ದೀಪವನ್ನೇ ಹೆಚ್ಚು ನೋಡಿದೆ, ಒಬ್ಬ ಸೈಕಲ್ಲಿನವನ ಬಾಯಿಂದ ಅನ್ನಿಸಿಕೊಂಡೆ. ಶನಿವಾರ ಮೂರನೆಯ ದಿನ. ಹಿಂದಿನ ಎರಡೂ ಸಲ ಅದು ಕೈ ಕೊಟ್ಟ ದಿನ. ಬ್ರೆಡ್ಡು ಇಳಿಸಿ ಗ್ಯಾರೇಜಿಗೆ ಬರುವವರೆಗೂ ಹತ್ತಲಿಲ್ಲ. ತಮ್ಮ ಬಾಗಿಲಲ್ಲಿ ಕಾಯುತ್ತಿದ್ದ. ತಲೆ ಬಾಚಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

"ಎಲ್ಲಿಗೋ ಮದುಮಗ?"

"ನಾನೂ ಬರ್ತೀನಿ," ಎಂದು ಪಕ್ಕದ ಸೀಟಿನಲ್ಲಿ ಕೂತ. ಆ ಕೇಂದ್ರದ ಮೆಟ್ಟಿಲು ತುಳಿಯುವುದಿಲ್ಲ ಎಂದು ಆಣೆ ಇಟ್ಟಿದ್ದವನು ಇವನೇ. ನಾನು ನೆನಪಿಸಲಿಲ್ಲ.

ಸಾಲಿನಲ್ಲಿ ಆರು ಗಾಡಿ ಇತ್ತು. ಹಾಲಿನ ವ್ಯಾನಿನವನು ತನ್ನ ಇನ್ನೊಂದು ವ್ಯಾನು ತಂದಿದ್ದ. ನಮ್ಮಿಬ್ಬರನ್ನೂ ನೋಡಿ ಪಕ್ಕದವನ ಭುಜ ತಟ್ಟಿದ. ಮೂರನೆಯ ಪರೀಕ್ಷೆಯೆಂದರೆ ಮೇಲ್ವಿಚಾರಕರೂ ಬಂದು ನಿಲ್ಲಬೇಕು, ಅವರು ಬಂದು ನಿಂತರು. ಪಕ್ಕದ ಮೇಜಿನ ಮೇಲೆ ಪ್ಲೇಟು ಬಿಚ್ಚುವ ಸ್ಕ್ರೂಡ್ರೈವರು ಇಟ್ಟಿದ್ದರು.

ತಮ್ಮ ಇಳಿದು ಕೆಂಪಿಯ ಪಕ್ಕದಲ್ಲೇ ನಿಂತ.

"ಗಾಡಿ ಜೊತೆ ಬಂದವರು ಹಳದಿ ಗೆರೆ ಹಿಂದೆ ನಿಲ್ಲಿ," ಎಂದಳು ಅವನ ಮಗಳು.

ಎಲ್ಲರೂ ಅವನ ಮುಖ ನೋಡಿದರು. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಗೆರೆಯ ಹಿಂದೆ ಪಾದ ಜೋಡಿಸಿ ನಿಂತ. "ಆಯ್ತು ಮೇಡಂ," ಎಂದ.

"ಚಾಲಕರೇ, ಇಂಜಿನ್ ಆನ್ ಇರಲಿ."

ಕಡ್ಡಿ ಒಳಗೆ ಹೋಯಿತು. ಅಂಕಿ ಏರಿತು. ಸೊನ್ನೆ ಬಿಂದು ಒಂದು, ಎರಡು, ಮೂರು. ಅಲ್ಲೇ ತೂಗಾಡಿತು. ಏರು, ನೋಡೋಣ, ಏರು, ಎಂದು ಅದಕ್ಕೆ ಸವಾಲು ಹಾಕಿದೆ. ಏರಲಿಲ್ಲ. ಅವಳು ಇಡೀ ಎರಡು ನಿಮಿಷ ಕಾದಳು, ಒಂದು ಕ್ಷಣ ಕಮ್ಮಿ ಮಾಡಲಿಲ್ಲ. ಮೇಲ್ವಿಚಾರಕರು ತಲೆಯಾಡಿಸಿದರು. ಅವಳು ಹಸಿರು ಸೀಲು ಎತ್ತಿ ಟಪ್ ಎಂದು ಹೊಡೆದಳು. ಅದೇ ಸದ್ದು, ಕೆಂಪು ಸೀಲಿನಷ್ಟೇ ಜೋರು.

"ಪಾಸ್," ಎಂದಳು. ಆ ಒಂದೇ ಮಾತಿನಲ್ಲಿ ಅವಳ ದನಿ ಎರಡು ಕಡೆ ಜಾರಿತು.

"ನೋಡಿದ್ರಾ, ಕೊನೆಗೂ ಮನೆಯವರು ಅಂತ ಕರುಣೆ ಬಂತು," ಎಂದ ಹಾಲಿನ ವ್ಯಾನಿನವನು, ಎಲ್ಲರಿಗೂ ಕೇಳುವ ಹಾಗೆ.

ತಮ್ಮ ಗೆರೆಯ ಹಿಂದಿನಿಂದಲೇ ತಿರುಗಿದ. "ರೀ, ಪರದೆ ಮೇಲೆ ಅಂಕಿ ಇದೆ, ಓದ್ಕೊಳ್ಳಿ. ಅವಳು ನನ್ನ ಮಗಳು. ಎರಡು ಸಲ ನನ್ನ ಕೆಲಸ ಫೇಲ್ ಮಾಡಿದ್ಲು. ಎರಡು ಸಲವೂ ತಪ್ಪು ನಂದೇ ಇತ್ತು. ಅವಳು ಕಣ್ಣು ಮುಚ್ಚಿದ್ದಿದ್ರೆ ನನಗೆ ಇವತ್ತಿಗೂ ಗೊತ್ತಾಗ್ತಿರಲಿಲ್ಲ." ಆಮೇಲೆ ಇಡೀ ಸಾಲನ್ನು ನೋಡಿ, "ಇಂಥ ಮಗಳು ಯಾರಿಗಾದ್ರೂ ಇದ್ರೆ ಹೇಳಿ, ಬಂದು ನೋಡ್ತೀನಿ," ಎಂದ.

ನೀಲಿ ಕೋಟಿನವಳು ಪರದೆಯ ಕಡೆ ತಿರುಗಿಕೊಂಡು ತೋಳಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಮುಂದಿನ ಗಾಡಿ," ಎಂದಳು.

ನಾನು ಗೇಟಿನವರೆಗೆ ತಡೆದುಕೊಂಡೆ. ಗೇಟು ದಾಟಿದ ಮೇಲೆ ಹಾರ್ನು ಒತ್ತಿ ಒತ್ತಿ ಇಡೀ ಬೀದಿಯನ್ನು ಹೊರಗೆ ಬರಿಸಿದೆ.

ಗ್ಯಾರೇಜಿಗೆ ಬಂದಾಗ ಬೆಳಗಿನ ಕಾಗದ ಬೆಂಚಿನ ಮೇಲೆಯೇ ಇತ್ತು. ಪರೀಕ್ಷೆಗೆ ಮುಂಚೆ ಇನ್ನೊಮ್ಮೆ ನೋಡಿಬಿಡೋಣ ಎಂದು ಶುಕ್ರವಾರ ಸಂಜೆ ಕೆಂಪಿಯನ್ನು ಅಲ್ಲೇ ನಿಲ್ಲಿಸಿಕೊಂಡು, ಕೆಳಗೆ ಅವನೇ ಹಾಸಿದ್ದ ಕಾಗದ. ನಟ್ಟ ನಡುವೆ ಒಂದು ತೊಟ್ಟು ಎಣ್ಣೆ ಬಿದ್ದು, ಬೊಟ್ಟಿನಗಲ ಹರಡಿತ್ತು. ನಾನು ಅವನಿಗೆ ಕಾಣದ ಹಾಗೆ ಅದನ್ನು ಮಡಚಿ ಸೆರಗಿನೊಳಗೆ ಸೇರಿಸಲು ನೋಡಿದೆ.

"ಕೊಡಿಲ್ಲಿ," ಎಂದ.

ಅದನ್ನು ಬೆಂಚಿನ ಮೇಲೆ ಹರಡಿ, ಮಡಿಕೆಯನ್ನು ಅಂಗೈಯಲ್ಲಿ ತಿಕ್ಕಿ ಸರಿಮಾಡಿ, ಮೂಲೆಯಲ್ಲಿ ತಾರೀಖು ಬರೆದ. ಗೋಡೆಯಲ್ಲಿ ಬೇರೆಯದೇ ಒಂದು ಮೊಳೆ ಹೊಡೆದ. ಇಪ್ಪತ್ತೆರಡು ವರ್ಷದ ಖಾಲಿ ಕಾಗದಗಳ ಪಕ್ಕದಲ್ಲಿ, ಬಾಗಿಲಿಂದ ಬಂದವರಿಗೆ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ, ಅದನ್ನೊಂದನ್ನೇ ನೇತು ಹಾಕಿದ.

ವಾರ ಕಳೆದು ಸರಿಯಾದ ಪೇಸ್ಟು ಬಂತು, ಅದನ್ನು ಒಣಗಲು ಒಂದಿಡೀ ದಿನ ಬಿಟ್ಟೆವು. ಆ ಒಂದು ದಿನ ಬೇಕರಿಯವರು ಬೇರೆ ವ್ಯಾನಿನಲ್ಲಿ ಬ್ರೆಡ್ಡು ಕಳಿಸಿದರು, ಆಕಾಶವೇನೂ ಕಳಚಿ ಬೀಳಲಿಲ್ಲ. ಈಗ ಕೆಂಪಿಯಿಂದ ಒಂದು ತೊಟ್ಟೂ ಬೀಳುವುದಿಲ್ಲ. ಆದರೆ ಗ್ಯಾರೇಜಿಗೆ ಬಂದವರು ಈಗ ಖಾಲಿ ಕಾಗದಗಳ ಬಗ್ಗೆ ಕೇಳುವುದಿಲ್ಲ. ಆ ಒಂದು ಕಲೆಯ ಕಡೆ ಬೆರಳು ತೋರಿಸಿ, ಇದೇನು ಮೇಸ್ತ್ರಿ, ನಿಮ್ಮಲ್ಲೂ ತೊಟ್ಟು ಬಿತ್ತಾ, ಎನ್ನುತ್ತಾರೆ.

ನನ್ನ ತಮ್ಮ ಕೈ ಒರೆಸಿಕೊಂಡು ಮೀಸೆ ತಿರುವುತ್ತಾನೆ.

"ಅದಾ? ಅದು ನನ್ನ ಮಗಳು ಪಾಸ್ ಮಾಡಿದ ಗಾಡೀದು."